ಕಳೆಯುವ ತೂಕ: ಕ್ಯಾಮಿಯೊ ಒಡವೆಗಳನ್ನು ನೋಡುವ ಬಗೆ



ದತ್ತಿ ಉಪನ್ಯಾಸವೆಂದರೆ ಶಾಸನವೋ ವಚನವೋ ದೇವಾಲಯವೋ ವಿಷಯವಾಗುವುದು ವಾಡಿಕೆ. ಹೆಬ್ಬೆರಳಿನ ಅಗಲದ ಒಂದು ಒಡವೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಮರುಮಾತಿಲ್ಲದೆ ಒಪ್ಪಿದರು. ಅವರಿಗೆ ನನ್ನ ಕೃತಜ್ಞತೆ. ಈ ಒಡವೆಯ ಹಿಂದೆ ಬಿದ್ದು ನನಗೆ ಇಪ್ಪತ್ತು ವರ್ಷವಾಗಿರಬಹುದು. ಅದು ಶುರುವಾದದ್ದು ಒಂದು ಚಿನ್ನದಂಗಡಿಯಲ್ಲಿ.

ಅಂದು ನನ್ನ ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು ಕುಳಿತಿದ್ದರು. ಬೆಂಗಳೂರಿನ ಕಂಟೋನ್ಮೆಂಟ್ ಕಡೆಯವರು. ಕರವಸ್ತ್ರದ ಗಂಟು ಬಿಚ್ಚಿ ಒಂದು ಬ್ರೋಚನ್ನು ಗಾಜಿನ ಮೇಲೆ ಇಟ್ಟರು. ಕಂದು ನೆಲದ ಮೇಲೆ ಬಿಳಿಯ ಚಿತ್ರ, ಸುತ್ತ ಚಿನ್ನದ ಕಟ್ಟು. ಅಂಗಡಿಯವರು ಚಿಮ್ಮಟ ತೆಗೆದುಕೊಂಡು ಕಟ್ಟಿನ ಅಂಚನ್ನು ಎತ್ತಿದರು, ಒಳಗಿದ್ದ ಚಿಪ್ಪನ್ನು ಮೀಟಿ ತೆಗೆದು ಪಕ್ಕಕ್ಕೆ ಇಟ್ಟರು, ಉಳಿದ ಚಿನ್ನವನ್ನು ತಕ್ಕಡಿಗೆ ಹಾಕಿದರು. "ಕಲ್ಲಿನ ತೂಕ ಕಳೆದಿದ್ದೀನಿ ಅಮ್ಮಾ" ಎಂದರು. ಅವರ ಕಡೆಯಿಂದ ಅದು ಪ್ರಾಮಾಣಿಕವಾದ ಮಾತೇ. ಮೀಟಿದ ರಭಸಕ್ಕೆ ಚಿಪ್ಪು ಮಾತ್ರ ಎರಡು ಹೋಳಾಗಿತ್ತು. ಆ ಹೋಳುಗಳನ್ನು ನಾನು ಕೇಳಿದೆ. ಆಕೆ ನನ್ನನ್ನು ಒಮ್ಮೆ ನೋಡಿ, ತಗೊಳ್ಳಿ ಎಂದರು. ಮನೆಗೆ ಬಂದು ಎರಡನ್ನೂ ಜೋಡಿಸಿ ಮಸೂರದಡಿ ಹಿಡಿದೆ. ರೆಕ್ಕೆಯಿರುವ ಹೆಣ್ಣೊಬ್ಬಳು ತಲೆ ಬಾಗಿಸಿ ಹಾರುತ್ತಿದ್ದಾಳೆ. ತೋಳಿನಲ್ಲಿ ನಿದ್ದೆಹೋದ ಎರಡು ಕೂಸು. ಹಿಂದೆ ಒಂದು ಗೂಬೆ. ಕೂಸಿನ ಕಾಲ್ಬೆರಳುಗಳನ್ನು ಎಣಿಸಬಹುದಿತ್ತು. ತಕ್ಕಡಿಯಲ್ಲಿ ಕಳೆದುಹೋದದ್ದು ಇದು.

ನಮ್ಮ ಚಿನ್ನದ ವ್ಯವಹಾರದಲ್ಲಿ ತೂಕಕ್ಕೆ ಬೆಲೆ ಇದೆ, ಮಜೂರಿಗೆ ಕೊಳ್ಳುವಾಗ ಮಾತ್ರ ಇದೆ. ಮಾರುವಾಗ ಮಜೂರಿ ಲೆಕ್ಕಕ್ಕಿಲ್ಲ, ಕಲ್ಲು ಕಳೆಯುವ ಬಾಬತ್ತು. ಕ್ಯಾಮಿಯೊ ಈ ಲೆಕ್ಕವನ್ನು ತಲೆಕೆಳಗು ಮಾಡುವ ಒಡವೆ. ಅದರ ಮೂಲವಸ್ತು ಸಮುದ್ರದ ಒಂದು ಚಿಪ್ಪು, ಇಲ್ಲವೇ ಹೊಳೆದಂಡೆಯಲ್ಲಿ ಸಿಗಬಹುದಾದ ಒಂದು ಬಣ್ಣದ ಕಲ್ಲು. ಅದರಲ್ಲಿ ಇರುವುದೆಲ್ಲ ಕೈ. ಒಬ್ಬ ಮನುಷ್ಯನ ಕೈ, ಕಣ್ಣು, ತಾಳ್ಮೆ. ಇಂದು ನಾನು ಹೇಳಬೇಕೆಂದು ಬಂದಿರುವುದು ಆ ಕೈಯನ್ನು ಗುರುತಿಸುವುದು ಹೇಗೆ ಎಂಬುದನ್ನು.

ಕ್ಯಾಮಿಯೊ ಎಂಬ ಮಾತು ಸಿನಿಮಾ ಪುಟ ಓದುವವರಿಗೆ ಹೊಸದಲ್ಲ. ದೊಡ್ಡ ನಟ ಎರಡು ನಿಮಿಷ ಬಂದು ಹೋಗುವ ಪಾತ್ರವನ್ನು ಹಾಗೆ ಕರೆಯುತ್ತಾರೆ. ಅದು ಒಡವೆಯಿಂದಲೇ ಅಲ್ಲಿಗೆ ಹೋದ ಹೆಸರು: ಚಿಕ್ಕ ಜಾಗ, ಎದ್ದು ಕಾಣುವ ಮುಖ. ಒಡವೆಯ ಲೋಕದಲ್ಲಿ ಕ್ಯಾಮಿಯೊ ಎಂದರೆ ಉಬ್ಬುಕೆತ್ತನೆ. ಇದರ ಅಕ್ಕ ಇಂಟಾಲ್ಯೊ, ಅಂದರೆ ಕುಳಿಕೆತ್ತನೆ. ಮುದ್ರೆಯುಂಗುರದ ಕೆಲಸ ಅದು, ಅರಗಿನ ಮೇಲೆ ಒತ್ತಿದರೆ ಚಿತ್ರ ಉಬ್ಬಿ ಮೂಡುತ್ತದೆ. ಕುಳಿಕೆತ್ತನೆಗೆ ಒಂದು ಉಪಯೋಗವಿತ್ತು, ರಾಜನ ಆಜ್ಞೆಗೂ ವರ್ತಕನ ಮೂಟೆಗೂ ಅದು ಬೇಕಿತ್ತು. ಉಬ್ಬುಕೆತ್ತನೆಗೆ ಅಂಥ ಯಾವ ಉಪಯೋಗವೂ ಇರಲಿಲ್ಲ. ನೋಡಿ ಸಂತೋಷಪಡುವುದಕ್ಕೆಂದೇ ಹುಟ್ಟಿದ ಕಲೆ ಅದು. ಅಲೆಕ್ಸಾಂಡರನ ನಂತರದ ಗ್ರೀಕ್ ಅರಸರ ಕಾಲದಲ್ಲಿ, ಕ್ರಿಸ್ತಪೂರ್ವ 3ನೇ ಶತಮಾನದ ಹೊತ್ತಿಗೆ, ಬಣ್ಣಬಣ್ಣದ ಪದರಗಳಿರುವ ಕಲ್ಲಿನಲ್ಲಿ ಈ ಕೆಲಸ ಬೆಳೆಯಿತು.

ಪದರವೇ ಇಲ್ಲಿ ಮುಖ್ಯ. ಬೇಲೂರಿನ ಮದನಿಕೆಯನ್ನು ಕಡೆದವನ ಕಲ್ಲು ಒಂದೇ ಬಣ್ಣದ್ದು. ಆಳಕ್ಕೆ ಕೊರೆದು, ಒಳಗೆ ಟೊಳ್ಳು ಮಾಡಿ, ಅವನು ನೆರಳನ್ನು ಹುಟ್ಟಿಸಿದ. ಕ್ಯಾಮಿಯೊ ಕೆತ್ತುವವನಿಗೆ ನೆರಳು ಕಲ್ಲಿನ ಒಳಗೇ ಮಲಗಿದೆ. ಮೇಲೆ ಬಿಳಿ, ಕೆಳಗೆ ಕಪ್ಪು. ಬಿಳಿಯನ್ನು ದಪ್ಪಕ್ಕೆ ಉಳಿಸಿದ ಕಡೆ ಕೆನ್ನೆ ಹಾಲಿನಂತಿರುತ್ತದೆ. ಅದನ್ನೇ ತೆಳ್ಳಗೆ ಸವೆಸಿದರೆ ಕೆಳಗಿನ ಕಪ್ಪು ಇಣುಕಿ, ತೆಳುವಾದ ಸೆರಗಿನ ಬೂದುಬಣ್ಣ ಬರುತ್ತದೆ. ಇನ್ನೊಂದು ಕೂದಲೆಳೆಯಷ್ಟು ಸವೆಸಿದರೆ ಸೆರಗೇ ಮಾಯ. ತಪ್ಪಿದರೆ ಮತ್ತೆ ಹಚ್ಚಲು ಬಣ್ಣವಿಲ್ಲ. ಮೂರು, ನಾಲ್ಕು, ಐದು ಪದರದ ಕಲ್ಲಾದರೆ ಕೂದಲಿಗೆ ಕಂದು, ಮುಖಕ್ಕೆ ಬಿಳಿ, ಹಿನ್ನೆಲೆಗೆ ಕಪ್ಪು ಎಂದು ಮೊದಲೇ ಕಂಡುಕೊಂಡು ಉಳಿ ಹಿಡಿಯಬೇಕು. ಕಲ್ಲನ್ನು ಓದಬಲ್ಲವನಿಗೆ ಮಾತ್ರ ಅದು ಒಲಿಯುವುದು.

ಉಳಿ ಎಂದೆ, ಅದು ರೂಢಿಯ ಮಾತು. ಅಗೇಟ್ ಜಾತಿಯ ಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ ಆರೂವರೆಯಿಂದ ಏಳು. ಉಕ್ಕಿನ ಉಳಿ ಅದರ ಮೇಲೆ ಜಾರುತ್ತದೆ. ಮೆದುವಾದ ಲೋಹದ ಸಣ್ಣ ಚಕ್ರವನ್ನು ಬಿಲ್ಲಿನಿಂದ ತಿರುಗಿಸುತ್ತಾ, ಎಣ್ಣೆಯಲ್ಲಿ ಕಲಸಿದ ಗಡಸು ಪುಡಿಯನ್ನು ಅದರ ಅಂಚಿಗೆ ಹಚ್ಚಿ, ಕಲ್ಲನ್ನು ಸವೆಸುತ್ತಾ ಹೋಗಬೇಕು. ಕೆಲಸ ಮಾಡುವುದು ಪುಡಿ, ಚಕ್ರ ಅದನ್ನು ಹೊತ್ತು ತಿರುಗುತ್ತದೆ ಅಷ್ಟೆ. ಆ ಪುಡಿಯ ಮೂಲವಾದ ಖನಿಜಕ್ಕೆ ಯುರೋಪಿನವರು ಕೊರಂಡಮ್ ಎನ್ನುತ್ತಾರೆ. ಆ ಹೆಸರು ದಕ್ಷಿಣದ ನಮ್ಮ ನುಡಿಗಳ ಕುರುಂದ, ಕುರುವಿಂದ ಎಂಬ ಮಾತಿನಿಂದ ಹೋದದ್ದು.

ಹೋದದ್ದು ಮಾತೊಂದೇ ಅಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ ಆರಿದಾಗ ಅದರೊಳಗಿನ ಗಾಳಿಗುಳ್ಳೆಗಳು ಪೊಟರೆಗಳಾಗಿ ಉಳಿದವು. ಸಿಲಿಕ ಬೆರೆತ ನೀರು ಅವುಗಳಲ್ಲಿ ಜಿನುಗಿ, ಪದರದ ಮೇಲೆ ಪದರ ಕಟ್ಟಿ, ಅಗೇಟ್ ಆಯಿತು. ಹಕೀಕ್ ಎಂದೂ, ಕಪ್ಪುಬಿಳಿ ಪಟ್ಟೆಯಿದ್ದರೆ ಸುಲೇಮಾನಿ ಎಂದೂ ನಮ್ಮ ಹರಳಿನಂಗಡಿಗಳಲ್ಲಿ ಮಾರುವುದು ಇದನ್ನೇ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕರಿಮಣ್ಣಿನ ಕೆಳಗಿರುವುದು ಅದೇ ಲಾವಾಶಿಲೆ. ಕ್ರಿಸ್ತಶಕ 1ನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಪೈಠಣದಿಂದ ಓನಿಕ್ಸ್ ಜಾತಿಯ ಪಟ್ಟೆಕಲ್ಲು ಗಾಡಿಗಳ ಮೇಲೆ, ಸರಿಯಾದ ದಾರಿಯಿಲ್ಲದ ಸೀಮೆಗಳನ್ನು ದಾಟಿ ಬರೂಚಿನ ಬಂದರಿಗೆ ಬರುತ್ತಿತ್ತು ಎಂದಿದೆ. ರೋಮಿನ ಪ್ಲಿನಿಯೂ ರತ್ನಗಳ ಕುರಿತು ಬರೆಯುವಾಗ ಭಾರತದ ಸಾರ್ಡೋನಿಕ್ಸ್ ಎಂಬ ಪದರದ ಕಲ್ಲನ್ನು ಹೆಸರಿಸುತ್ತಾನೆ. ಇಂದು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿರುವ ಇಂತಿಂಥ ಕ್ಯಾಮಿಯೊ ನಮ್ಮ ಕಲ್ಲಿನದೇ ಎಂದು ನಾನು ಸಾಧಿಸಲು ಹೊರಟಿಲ್ಲ. ಗಾಡಿ, ಬಂದರು, ಹಡಗು, ರೋಮಿನ ರತ್ನಶಿಲ್ಪಿ ಎಲ್ಲರೂ ಒಂದೇ ಸರಪಳಿಯಲ್ಲಿದ್ದರು ಎಂಬುದು ನನಗೆ ಸಾಕು. ಆ ವ್ಯಾಪಾರದ ಹಣ ಈ ಕಡೆಗೂ ಬಂತು. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ಬೆಳ್ಳಿನಾಣ್ಯಗಳ ಮೇಲೆ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುಖಗಳಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ.

ಆ ಇಬ್ಬರೂ ಚಕ್ರವರ್ತಿಗಳನ್ನು ಒಟ್ಟಿಗೆ ನೋಡಬೇಕೆಂದರೆ ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿರುವ 'ಗೆಮ್ಮಾ ಅಗಸ್ಟಿಯಾ'ದ ಮುಂದೆ ನಿಲ್ಲಬೇಕು. ಸುಮಾರು 19 ಸೆಂಟಿಮೀಟರ್ ಎತ್ತರ, 23 ಸೆಂಟಿಮೀಟರ್ ಅಗಲದ ಕಲ್ಲು. ಮೇಲಿನ ಸಾಲಿನಲ್ಲಿ ಅಗಸ್ಟಸ್ ಜುಪಿಟರ್ ದೇವನ ಭಂಗಿಯಲ್ಲಿ ಕುಳಿತಿದ್ದಾನೆ. ಪಕ್ಕದಲ್ಲಿ ರೋಮ್ ನಗರದೇವತೆ, ಆಸನದಡಿ ಹದ್ದು, ತಲೆಯ ಬಳಿ ಅವನ ಲಾಂಛನವಾದ ಮಕರ. ಎಡಗಡೆ ಟೈಬೀರಿಯಸ್ ರಥದಿಂದ ಇಳಿಯುತ್ತಿದ್ದಾನೆ. ಇಷ್ಟು ನೋಡಿ ಜನ ಮುಂದೆ ಹೋಗುತ್ತಾರೆ. ನೀವು ಕೆಳಗಿನ ಸಾಲು ನೋಡಿ. ಸೈನಿಕರು ವಿಜಯಸ್ತಂಭ ನಿಲ್ಲಿಸುತ್ತಿದ್ದಾರೆ. ಸೋತವರು ನೆಲದ ಮೇಲೆ ಕುಳಿತಿದ್ದಾರೆ. ಒಬ್ಬಳನ್ನು ಕೂದಲು ಹಿಡಿದು ಎಳೆಯಲಾಗುತ್ತಿದೆ. ದೊರೆಯ ಮೈಮೇಲೆ ಬೀಳುವ ಬಟ್ಟೆಯ ನೆರಿಗೆಗೆ ಕೊಟ್ಟಷ್ಟೇ ಶ್ರದ್ಧೆಯನ್ನು ಕೆತ್ತಿದವನು ಆ ಸೋತವರ ಬೆನ್ನಿಗೂ ಕೊಟ್ಟಿದ್ದಾನೆ. ಅರಸನನ್ನು ಹೊಗಳುವುದಕ್ಕೆಂದು ಮಾಡಿದ ವಸ್ತುವಿನಲ್ಲಿ ನನ್ನ ಕಣ್ಣು ಪ್ರತಿಸಲ ಹೋಗಿ ನಿಲ್ಲುವುದು ಆ ಬೆನ್ನುಗಳ ಮೇಲೆ. ಇದನ್ನು ಡಯಸ್ಕೊರೈಡೀಸ್ ಎಂಬ ಕುಶಲಿಯ ಕೈಗೋ ಅವನ ಶಿಷ್ಯರ ಕೈಗೋ ಸೇರಿದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಅಗಸ್ಟಸನ ಮುದ್ರೆಯುಂಗುರ ಕೆತ್ತಿದವನು ಅವನು. ನಮ್ಮ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಮ್ಮ ಹೆಸರು ಕೊರೆದಿಟ್ಟು ಹೋದ ಹಾಗೆ, ಆ ಕಾಲದ ರತ್ನಶಿಲ್ಪಿಗಳಲ್ಲೂ ಹೆಸರು ಹಾಕುವವರಿದ್ದರು. ಇದರಿಂದ ಮುಂದೆ ಆದ ಅನಾಹುತವನ್ನು ಆಮೇಲೆ ಹೇಳುತ್ತೇನೆ.

ಪ್ಯಾರಿಸಿನಲ್ಲಿರುವ 'ಫ್ರಾನ್ಸಿನ ಮಹಾ ಕ್ಯಾಮಿಯೊ' ಇದಕ್ಕಿಂತ ದೊಡ್ಡದು, 31 ಸೆಂಟಿಮೀಟರ್ ಎತ್ತರ, ಐದು ಪದರ. ನೇಪಲ್ಸಿನಲ್ಲಿ ಪದರದ ಕಲ್ಲಿನಲ್ಲೇ ಕೆತ್ತಿದ 'ಫರ್ನೇಸೆ ಬಟ್ಟಲು' ಇದೆ. ಅದನ್ನು 1471ರಲ್ಲಿ ಫ್ಲಾರೆನ್ಸಿನ ಲೊರೆಂಜೊ ಮೆದಿಚಿ ಪಡೆದುಕೊಂಡ. ಸಂಗ್ರಾಹಕರ ಪರಂಪರೆ ಅಲ್ಲಿಂದ ಬಿರುಸಾಯಿತು. ರಷ್ಯಾದ ಕ್ಯಾಥರೀನ್ ರಾಣಿ ಓರ್ಲಿಯನ್ಸ್ ಡ್ಯೂಕನ ಇಡೀ ಸಂಗ್ರಹವನ್ನು 1787ರಲ್ಲಿ ಕೊಂಡಳು. ನೆಪೋಲಿಯನ್ ತನ್ನ ಪಟ್ಟಾಭಿಷೇಕದ ಕಿರೀಟಕ್ಕೆ ಕ್ಯಾಮಿಯೊಗಳನ್ನು ಕೂಡಿಸಿಕೊಂಡ. ಅವನ ರಾಣಿ ಜೋಸೆಫೀನಳದೆನ್ನುವ ಕ್ಯಾಮಿಯೊ ಕಿರೀಟವನ್ನು ಸ್ವೀಡನ್ನಿನ ಯುವರಾಣಿ ವಿಕ್ಟೋರಿಯಾ 2010ರಲ್ಲಿ ತನ್ನ ಮದುವೆಗೆ ಮುಡಿದಳು. ನಮ್ಮ ನೆಲದಲ್ಲೂ ಈ ಕಲೆಗೆ ಒಂದು ಅರಮನೆಯ ಹೊತ್ತು ಬಂದಿತ್ತು. ಷಹಜಹಾನನ ಪಾರ್ಶ್ವಮುಖ ಕೆತ್ತಿದ, 1630ರಿಂದ 1640ರ ನಡುವಣ ಒಂದು ಸಾರ್ಡೋನಿಕ್ಸ್ ಕ್ಯಾಮಿಯೊ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅರಮನೆಗಳ ಈ ಕತೆಯನ್ನು ಇಲ್ಲಿಗೆ ಬಿಡುತ್ತೇನೆ. ನನಗೆ ಹೆಚ್ಚು ಹತ್ತಿರವಾದವನು ರೋಮ್ ನಗರದಲ್ಲಿ 1783ರಲ್ಲಿ ಹುಟ್ಟಿದ ಒಬ್ಬ ಕೆಲಸಗಾರ. ಹೆಸರು ಬೆನೆದೆತ್ತೊ ಪಿಸ್ತ್ರುಚ್ಚಿ.

ಅವನು ಕ್ಯಾಮಿಯೊ ಕೆತ್ತಿ ವರ್ತಕರಿಗೆ ಮಾರುತ್ತಿದ್ದ. ಫ್ಲೋರಾ ಎಂಬ ಹೂದೇವತೆಯ ತಲೆಯನ್ನು, ಒಡೆದ ಹಳೆಯ ತುಣುಕಿನ ರೂಪದಲ್ಲಿ, ಬೊನೆಲ್ಲಿ ಎಂಬ ವರ್ತಕನಿಗೆ ಅಲ್ಪ ಹಣಕ್ಕೆ ಮಾಡಿಕೊಟ್ಟಿದ್ದ. ವರ್ತಕ ಅದನ್ನು ಪ್ರಾಚೀನ ಕಾಲದ್ದೆಂದು ಇಂಗ್ಲೆಂಡಿನ ರಿಚರ್ಡ್ ಪೇನ್ ನೈಟ್ ಎಂಬ ವಿದ್ವಾಂಸ ಸಂಗ್ರಾಹಕನಿಗೆ ದೊಡ್ಡ ಬೆಲೆಗೆ ಮಾರಿದ. 1815ರಲ್ಲಿ ಪಿಸ್ತ್ರುಚ್ಚಿ ಲಂಡನ್ನಿಗೆ ಬಂದು ಸರ್ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯವಿಜ್ಞಾನಿಯ ಮನೆಯಲ್ಲಿ ಅವರ ಮುಖವನ್ನು ಮೇಣದಲ್ಲಿ ತಿದ್ದುತ್ತಿದ್ದಾಗ ನೈಟ್ ಆ ತುಣುಕನ್ನು ಹೆಮ್ಮೆಯಿಂದ ತಂದು ತೋರಿಸಿದ. ಇದು ನನ್ನ ಕೆಲಸ ಎಂದ ಪಿಸ್ತ್ರುಚ್ಚಿ. ತಾನು ಹಾಕಿದ ಗುರುತನ್ನೂ ಹೇಳಿದ. ನೈಟ್ ಒಪ್ಪಲಿಲ್ಲ. ಆ ಮುಡಿಯಲ್ಲಿರುವ ಹೂವು ಇವತ್ತಿನದಲ್ಲ, ಅಂಥದ್ದು ಈಗ ಬೆಳೆಯುವುದೇ ಇಲ್ಲ ಎಂದು ವಾದಿಸಿದ. ಸೋಲೊಪ್ಪದೆಯೇ ತೀರಿಕೊಂಡ. ಅವನ ಸಂಗ್ರಹದ ಜೊತೆ ಆ ತುಣುಕು ಬ್ರಿಟಿಷ್ ಮ್ಯೂಸಿಯಂ ಸೇರಿತು. ಇಂದೂ ಅಲ್ಲಿದೆ, ಪಿಸ್ತ್ರುಚ್ಚಿಯ ಹೆಸರಿನಲ್ಲಿ.

ಈ ಪ್ರಸಂಗವನ್ನು ಮೋಸದ ಕತೆ ಎಂದು ಹೇಳುವುದುಂಟು. ನನಗೆ ಇದು ನೋಟದ ಕತೆ. ಅದೇ ಕಲ್ಲು, ಅದೇ ಮುಖ, ಅದೇ ಹೂವು. ಎರಡು ಸಾವಿರ ವರ್ಷದ ಹಿಂದಿನದು ಎಂದರೆ ದೇವತೆ, ನಿನ್ನೆಯದು ಎಂದರೆ ಬೇಡ. ಹಳೆಯದೆಂಬ ಒಂದೇ ಕಾರಣಕ್ಕೆ ಮೆಚ್ಚುವವನು ಕೆಲಸವನ್ನು ಇನ್ನೂ ನೋಡಿಲ್ಲ ಎಂದೇ ನನ್ನ ತೀರ್ಮಾನ.

ಪಿಸ್ತ್ರುಚ್ಚಿ ಕನ್ನಡಿಗರ ಮನೆಗಳಿಗೂ ಬಂದಿದ್ದಾನೆ. ಲಂಡನ್ನಿನ ಟಂಕಸಾಲೆಗೆ ಅವನು ಸಂತ ಜಾರ್ಜ್ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಚಿತ್ರವನ್ನು ಮಾಡಿಕೊಟ್ಟ. ಮೊದಲು ಮೇಣದಲ್ಲಿ ರೂಪಿಸಿ, ಬಳಿಕ ಜಾಸ್ಪರ್ ಕಲ್ಲಿನಲ್ಲಿ ಕ್ಯಾಮಿಯೊ ಆಗಿ ಕೆತ್ತಿದ ಮಾದರಿ ಅದು. 1817ರ ಚಿನ್ನದ ನಾಣ್ಯದ ಮೇಲೆ ಅದು ಅಚ್ಚಾಯಿತು. ಆ ನಾಣ್ಯದ ಹೆಸರು ಸಾವರಿನ್, ತೂಕ 7.98 ಗ್ರಾಂ. ನಾವು ಎಂಟು ಗ್ರಾಂ ಚಿನ್ನಕ್ಕೆ ಸವರನ್ ಎನ್ನುವುದು, ಕರಾವಳಿಯಲ್ಲಿ ಪವನ್ ಎನ್ನುವುದು ಇದರಿಂದಲೇ. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೂ ಈ ನಾಣ್ಯ ತಯಾರಾಯಿತು. ನಿಮ್ಮ ಮನೆಯ ಹಳೆಯ ಸರದಲ್ಲಿ ಪವನು ಪೋಣಿಸಿದ್ದರೆ ಒಮ್ಮೆ ಮಸೂರದಡಿ ನೋಡಿ. ಕುದುರೆಯ ಕುತ್ತಿಗೆಯ ಬಿಗಿ, ಸವಾರನ ಹಿಂದೆ ಹಾರುವ ಮೇಲುಹೊದಿಕೆ, ಬರಿಮೈಯ ತೋಳಿನ ಸ್ನಾಯು. ಕ್ಯಾಮಿಯೊ ಕೆತ್ತುವವನ ಕೈ ಅಲ್ಲಿದೆ. ನಾವು ಅದನ್ನು ತೂಕದ ಹೆಸರನ್ನಾಗಿ ಮಾಡಿಕೊಂಡು ಕುದುರೆಯನ್ನು ನೋಡುವುದನ್ನೇ ಬಿಟ್ಟೆವು. ಪಿಸ್ತ್ರುಚ್ಚಿಯ ಇಬ್ಬರು ಹೆಣ್ಣುಮಕ್ಕಳು, ಎಲೆನಾ ಮತ್ತು ಮಾರಿಯಾ ಎಲೀಸಾ, ಅಪ್ಪನಿಂದ ಕಲಿತು ಕ್ಯಾಮಿಯೊ ಕೆತ್ತಿದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಈ ವೃತ್ತಿಯ ಚರಿತ್ರೆಯಲ್ಲಿ ಹೆಣ್ಣಿನ ಮುಖ ಸಾವಿರಾರು ಸಲ ಬರುತ್ತದೆ, ಕೆತ್ತಿದ ಹೆಣ್ಣಿನ ಹೆಸರು ಬರುವುದು ಬಹಳ ಅಪರೂಪ.

ಹೆಸರಿನಿಂದ ಆದ ಅನಾಹುತ ಎಂದಿದ್ದೆನಲ್ಲ. ಪೋಲೆಂಡಿನ ರಾಜಕುಮಾರ ಸ್ತಾನಿಸ್ಲಾಸ್ ಪೊನಿಯತೊವ್ಸ್ಕಿ ಸುಮಾರು 2,500 ಕೆತ್ತಿದ ರತ್ನಗಳ ಒಡೆಯ. ಹೋಮರ್, ವರ್ಜಿಲ್, ಓವಿಡರ ಕತೆಗಳ ದೃಶ್ಯಗಳು, ಎಷ್ಟೋ ಕಲ್ಲುಗಳ ಮೇಲೆ ಡಯಸ್ಕೊರೈಡೀಸನಂಥವರ ಸಹಿ. 1839ರಲ್ಲಿ ಲಂಡನ್ನಿನ ಕ್ರಿಸ್ಟೀಸಿನಲ್ಲಿ ಹರಾಜಿಗೆ ಬಂದ ಕಾಲಕ್ಕೆ ಅವು ಪ್ರಾಚೀನವಲ್ಲ, ಅವನ ಕಾಲದ ರೋಮಿನ ಕೆಲಸಗಾರರಿಂದ ಅವನೇ ಮಾಡಿಸಿದ್ದು ಎಂಬ ಗುಮಾನಿ ದಟ್ಟವಾಗಿತ್ತು. ಬೆಲೆ ಕುಸಿಯಿತು, ಸಂಗ್ರಹ ಚೆದುರಿತು. ಅಪಕೀರ್ತಿ ಆ ಕಲ್ಲುಗಳ ಮಟ್ಟಿಗೆ ನಿಲ್ಲಲಿಲ್ಲ, ಕೆತ್ತಿದ ರತ್ನ ಎಂದರೆ ಅನುಮಾನ ಎಂಬಂತಾಯಿತು. ಸುಳ್ಳು ಸಹಿ ಹಾಕಿಸಿದ್ದಕ್ಕೆ ನಿಜವಾಗಿ ಕೆತ್ತಿದ ರೋಮಿನ ಆ ಕೈಗಳು ತಮ್ಮ ಹೆಸರನ್ನು ಕಳೆದುಕೊಂಡವು. ಈ ಇಡೀ ಪ್ರಕರಣದಲ್ಲಿ ನನಗೆ ನೋವಾಗುವುದು ಅದಕ್ಕೆ.

ಈಗ ಚಿಪ್ಪಿಗೆ ಬರೋಣ. ಇಂದು ಸಂಗ್ರಾಹಕನ ಕೈಗೆ ಸಿಗುವ ಹಳೆಯ ಕ್ಯಾಮಿಯೊಗಳಲ್ಲಿ ಬಹುಪಾಲು ಚಿಪ್ಪಿನವು. ವಿಸೂವಿಯಸ್ ಜ್ವಾಲಾಮುಖಿಯ ಬುಡದಲ್ಲಿ, ನೇಪಲ್ಸಿನ ಪಕ್ಕ, ತೊರೆ ದೆಲ್ ಗ್ರೆಕೊ ಎಂಬ ಊರಿದೆ. ಹವಳ ತೆಗೆಯುವ ಬೆಸ್ತರ ಊರು ಅದು. ಅಲ್ಲಿ 1805ರಲ್ಲಿ ಮಾರ್ತೆನ್ ಎಂಬುವವನು ದೊರೆಯ ಪರವಾನಗಿ ಪಡೆದು ಮೊದಲ ಹವಳದ ಕಾರ್ಖಾನೆ ತೆರೆದ. 1878ರಲ್ಲಿ ಕೆತ್ತನೆಯ ಶಾಲೆಯೂ ಬಂತು. ಇಂದಿಗೂ ಕ್ಯಾಮಿಯೊ ಎಂದರೆ ಆ ಊರು.

ಕೆಲಸದ ಬಗೆ ಹೀಗೆ. ಕ್ಯಾಸಿಸ್ ಕುಲದ ದೊಡ್ಡ ಶಂಖಗಳನ್ನು ಆರಿಸುತ್ತಾರೆ. ಕಡುಕಂದು ನೆಲದ ಮೇಲೆ ಅಚ್ಚಬಿಳಿ ಬರುವ ಶಂಖಕ್ಕೆ ಲಮಾರ್ಕ್ ಎಂಬ ವಿಜ್ಞಾನಿ ಮಡಗಾಸ್ಕರದ ಹೆಸರು ಕೊಟ್ಟ. ಆ ಜೀವಿ ನಿಜಕ್ಕೂ ಇರುವುದು ಕೆರಿಬಿಯನ್ ಸಮುದ್ರದಲ್ಲಿ. ಕಿತ್ತಳೆಗೆಂಪು ನೆಲದ್ದು ಇನ್ನೊಂದು ಶಂಖ, ನಮ್ಮ ಹಿಂದೂ ಮಹಾಸಾಗರದ್ದು. ಶಂಖದ ಉಬ್ಬಿದ ಭಾಗವನ್ನು ಗರಗಸದಲ್ಲಿ ಬಟ್ಟಲಿನಂತೆ ಕೊಯ್ದು, ಬಿಲ್ಲೆಯ ಆಕಾರಕ್ಕೆ ತಂದು, ಕಾಯಿಸಿದ ರಾಳದ ಅಂಟಿನಿಂದ ಒಂದು ಮರದ ಹಿಡಿಗೆ ಕೂರಿಸುತ್ತಾರೆ. ನಮ್ಮ ಅಕ್ಕಸಾಲಿಗರು ಬೆಳ್ಳಿತಗಡನ್ನು ಅರಗಿನ ಮೇಲೆ ಕೂರಿಸಿಕೊಂಡು ಉಬ್ಬು ತೆಗೆಯುವುದನ್ನು ಕಂಡವರಿಗೆ ಈ ದೃಶ್ಯ ಪರಿಚಿತ. ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಉಕ್ಕಿನ ಕೊರೆಯುಳಿ. ಚಿಪ್ಪು ಕಲ್ಲಿಗಿಂತ ಎಷ್ಟೋ ಮೆದು, ಉಳಿ ನೇರವಾಗಿ ಹಿಡಿಯುತ್ತದೆ. ಹೊರಗಿನ ಒರಟು ತೊಗಟೆ ತೆಗೆದರೆ ಬಿಳಿ, ಬಿಳಿಯ ಕೆಳಗೆ ಕಂದು. ಚಿತ್ರ ಬಿಳಿಯಲ್ಲಿ ಮುಗಿಯಬೇಕು. ಒಂದೊಂದು ಚಿಪ್ಪಿನಲ್ಲಿ ಬಿಳಿಯ ದಪ್ಪ ಒಂದೊಂದು ಬಗೆ, ಒಂದೇ ಚಿಪ್ಪಿನಲ್ಲೂ ಜಾಗದಿಂದ ಜಾಗಕ್ಕೆ ಬೇರೆ. ಆದ್ದರಿಂದ ಒಂದೇ ಚಿತ್ರವನ್ನು ನೂರು ಸಲ ಕೆತ್ತಿದರೂ ನೂರೂ ಬೇರೆಬೇರೆ. ಕಡೆಗೆ ಎಣ್ಣೆ ಬೆರೆಸಿದ ನೊರೆಗಲ್ಲಿನ ಪುಡಿಯಿಂದ ಉಜ್ಜಿ ನಯಮಾಡುತ್ತಾರೆ.

ಪಾಂಪೆ ನೋಡಲು ಬಂದ ಇಂಗ್ಲೆಂಡಿನ ಪ್ರವಾಸಿಗಳು ಇವನ್ನು ನೆನಪಿಗೆಂದು ಕೊಂಡು ಊರಿಗೆ ಒಯ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದು ಮನೆಮನೆಯ ಬ್ರೋಚ್ ಆಯಿತು, ಸೈನ್ಯದ ಅಧಿಕಾರಿಗಳ ಹೆಂಡಂದಿರ ಕೊರಳಪಟ್ಟಿಯಲ್ಲಿ ಕೂತು ನಮ್ಮ ದಂಡುಪ್ರದೇಶಗಳಿಗೂ ಬಂತು. ಆ ಚಿನ್ನದಂಗಡಿಯ ಚಿಪ್ಪೂ ಅದೇ ದಾರಿಯಲ್ಲಿ ಬಂದಿರಬೇಕು. ಅದರ ಮೇಲಿನ ಚಿತ್ರವನ್ನು ಗುರುತಿಸಲು ನನಗೆ ಎರಡು ವರ್ಷ ಹಿಡಿಯಿತು. ರೋಮಿನಲ್ಲಿದ್ದ ಡೆನ್ಮಾರ್ಕಿನ ಶಿಲ್ಪಿ ತೊರ್ವಾಲ್ಸೆನ್ 1815ರಲ್ಲಿ ಮಾಡಿದ 'ಇರುಳು' ಎಂಬ ದುಂಡನೆಯ ಉಬ್ಬುಶಿಲ್ಪ ಅದರ ಮೂಲ. ಜೊತೆಗೆ 'ಹಗಲು' ಎಂಬುದೂ ಇದೆ, ಅದರಲ್ಲಿ ದೇವತೆ ಹೂ ಚೆಲ್ಲುತ್ತಾ ಬರುತ್ತಾಳೆ. ಕ್ಯಾಮಿಯೊ ಕೆತ್ತುವವರು ಈ ಜೋಡಿಯನ್ನು ಬಲುವಾಗಿ ಮೆಚ್ಚಿದರು. ಕೊಯ್ದ ಚಿಪ್ಪಿನ ಬಾಗು ಹಾರುವ ಮೈಯ ಬಾಗಿಗೆ ಒಪ್ಪುತ್ತದೆ ಎಂಬುದು ಅದಕ್ಕೆ ಒಂದು ಕಾರಣ ಎಂದು ನನಗೆ ತೋರುತ್ತದೆ.

ಸಂಗ್ರಹ ಮಾಡಬೇಕೆಂದಿರುವ ಎಳೆಯರು ನನ್ನನ್ನು ಕೇಳುವುದು, ಅಸಲಿ ಯಾವುದು ಎಂದು ಹೇಗೆ ತಿಳಿಯುವುದು ಎಂದು. ಮೊದಲು ಹಿಂಬದಿ ನೋಡಿ ಎನ್ನುತ್ತೇನೆ. ಮುಂದಿನ ಮುಖ ಯಾರನ್ನಾದರೂ ಮರುಳು ಮಾಡೀತು. ಚಿಪ್ಪಿನ ಹಿಂಬದಿ ಒಳಬಾಗಾಗಿರುತ್ತದೆ, ಬೆಳಕಿಗೆ ಹಿಡಿದರೆ ಚಿತ್ರ ನೆರಳಿನಂತೆ ತೋರುತ್ತದೆ, ಬಿರುಕಿದ್ದರೂ ಅಲ್ಲೇ ಕಾಣುತ್ತದೆ. ಕಲ್ಲಿನದು ಹೆಚ್ಚಾಗಿ ಚಪ್ಪಟೆ, ಭಾರ, ಕೆನ್ನೆಗೆ ತಾಗಿಸಿದರೆ ತಣ್ಣಗೆ. ಪ್ಲಾಸ್ಟಿಕ್ ಹಗುರ, ಬೆಚ್ಚಗೆ. ಕಾಯಿಸಿದ ಸೂಜಿಯಿಂದ ಚುಚ್ಚಿ ನೋಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಬೆಂಕಿ ಹಿಡಿಯುವ ವಸ್ತು, ಚಿಪ್ಪಾಗಿದ್ದರೆ ಕಲೆ ಉಳಿಯುತ್ತದೆ.

ಬಳಿಕ ಪಿನ್ನು. 19ನೇ ಶತಮಾನದ ಬ್ರೋಚಿನಲ್ಲಿ ಸರಳವಾದ ಕೊಕ್ಕೆ, ಬೀಗವಿಲ್ಲ, ಪಿನ್ನಿನ ಮೊನೆ ಕಟ್ಟಿನಿಂದ ಆಚೆಗೆ ಚಾಚಿರುವುದುಂಟು. ತಿರುಗಿಸಿ ಭದ್ರಮಾಡುವ ಕೊಕ್ಕೆ 20ನೇ ಶತಮಾನದ ರೂಢಿ. ಪಿನ್ನನ್ನು ಬದಲಿಸಿರಬಹುದು, ಆದ್ದರಿಂದ ಬೆಸುಗೆಯ ಗುರುತನ್ನೂ ನೋಡಬೇಕು. ಚಿನ್ನದ ಮೇಲೆ 15 ಕ್ಯಾರೆಟ್ಟಿನ ಬ್ರಿಟಿಷ್ ಮುದ್ರೆ ಇದ್ದರೆ ಅದು 1854 ಮತ್ತು 1932ರ ನಡುವಿನದು. ಆಚೆ ಈಚೆ ಆ ದರ್ಜೆಯೇ ಇರಲಿಲ್ಲ. ನೇರ ಮೂಗಿದ್ದರೆ ಹಳೆಯದು, ಮೊಂಡುಮೂಗಿದ್ದರೆ ಹೊಸದು ಎಂಬ ಮಾತು ಸಂಗ್ರಾಹಕರಲ್ಲಿ ಚಾಲ್ತಿಯಲ್ಲಿದೆ. ಅದರಲ್ಲಿ ಸ್ವಲ್ಪ ಹುರುಳಿದೆ, ಅದೊಂದನ್ನೇ ನೆಚ್ಚಿ ಹಣ ಕೊಡುವಷ್ಟು ಇಲ್ಲ.

ನಾನು ಕಲಿತದ್ದು ಒಂದು ನಷ್ಟದಿಂದ. ಒಂದು ಹಳೆಸಾಮಾನಿನ ಅಂಗಡಿಯಲ್ಲಿ, ಮುಡಿಗೆ ದ್ರಾಕ್ಷಿಗೊಂಚಲು ಸಿಕ್ಕಿಸಿಕೊಂಡ ಹೆಣ್ಣಿನ ಕ್ಯಾಮಿಯೊವನ್ನು ಚಿಪ್ಪಿನದೆಂದು ನಂಬಿ, ನನ್ನ ಒಂದು ತಿಂಗಳ ಸಂಬಳದಷ್ಟು ಕೊಟ್ಟು ತಂದೆ. ಆರು ತಿಂಗಳಾದ ಮೇಲೆ ಬೇರೆ ಊರಿನಲ್ಲಿ ಅದೇ ಹೆಣ್ಣನ್ನು ಕಂಡೆ. ಮೂರನೆಯ ದ್ರಾಕ್ಷಿಯ ಮೇಲೆ ಒಂದು ಗೀರಿತ್ತು. ನನ್ನದರಲ್ಲೂ ಮೂರನೆಯ ದ್ರಾಕ್ಷಿಯ ಮೇಲೆ ಅದೇ ಗೀರು. ಅಚ್ಚಿನಲ್ಲಿದ್ದ ದೋಷ ಎರಡರಲ್ಲೂ ಮೂಡಿತ್ತು. ಅಂದಿನಿಂದ ನಾನು ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ಕಿವಿಯ ಹಿಂದಿನ ಕೂದಲು ನೋಡುತ್ತೇನೆ. ಕೈ ಕೆತ್ತಿದ್ದರೆ ಅಲ್ಲಿ ಉಳಿಯ ಸಣ್ಣ ಸಣ್ಣ ಗೆರೆಗಳಿರುತ್ತವೆ, ಒಂದರ ಅಂಚು ಹರಿತ, ಇನ್ನೊಂದು ಮೃದು. ಅಚ್ಚಿನದರಲ್ಲಿ ಎಲ್ಲವೂ ಒಂದೇ ಸಮ ಜಾರಿದಂತಿರುತ್ತದೆ. ಬಿಳಿ ನೆಲಕ್ಕೆ ಇಳಿಯುವ ಅಂಚಿನಲ್ಲಿ ಅಂಟಿನ ಗೆರೆ ಕಂಡರೆ ಎರಡು ಬೇರೆ ತುಂಡು ಕೂಡಿಸಿದ್ದು. ಯಂತ್ರದಲ್ಲಿ ಕೊರೆದ ಹೊಸ ಅಗೇಟ್ ಕ್ಯಾಮಿಯೊಗಳೂ ಇವೆ, ಜರ್ಮನಿಯ ಇಡಾರ್-ಓಬರ್‌ಸ್ಟೈನಿನಲ್ಲಿ ಶಬ್ದಾತೀತ ತರಂಗದ ಯಂತ್ರ ಬಂದು ದಶಕಗಳಾದವು. ಅಚ್ಚಿನದೆಲ್ಲ ಕೀಳು ಎಂದು ನನ್ನ ಅರ್ಥವಲ್ಲ. ವೆಜ್‌ವುಡ್‌ನ ಜಾಸ್ಪರ್ ಮಣ್ಣಿನ ಬಿಲ್ಲೆಗಳು, ಜೇಮ್ಸ್ ಟ್ಯಾಸಿಯ ಗಾಜಿನ ಪ್ರತಿಗಳು ಅಚ್ಚಿನವೇ, ತಮ್ಮ ಹೆಸರಿನಲ್ಲೇ ಬಂದವು, ಗೌರವದಿಂದ ಕೂಡಿಡಬೇಕಾದವು. ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದಷ್ಟೇ ತಪ್ಪು.

ಚಿಪ್ಪಿಗೆ ಒಣಹವೆ, ಶಾಖ, ಸೆಂಟು ಆಗದು. ವರ್ಷಕ್ಕೊಮ್ಮೆ ತೆಳುವಾಗಿ ಎಣ್ಣೆ ಸವರಿ ಒರೆಸಿ, ಹತ್ತಿಯಲ್ಲಿ ಬೇರೆಯಾಗಿ ಇಡಿ. ಕಾನೂನನ್ನೂ ತಿಳಿದಿರಬೇಕು. ಕ್ಯಾಮಿಯೊಗೆ ಬಳಸುವ ಶಂಖಗಳಲ್ಲಿ ನಮ್ಮ ಸಾಗರದ ಎರಡು, ಕೊಂಬಿನ ಕ್ಯಾಸಿಸ್ ಮತ್ತು ಆ ಕಿತ್ತಳೆಗೆಂಪಿನದು, 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿವೆ. ಹೊಸದಾಗಿ ಕೆತ್ತಿದ್ದನ್ನು ಕೊಳ್ಳುವ ಆಸೆಯಾದರೆ ಶಂಖ ಯಾವುದು, ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ಬಾರದಿದ್ದರೆ ಬಿಟ್ಟುಬಿಡಿ. ಒಂದು ಬ್ರೋಚಿಗಾಗಿ ಸಮುದ್ರದ ಒಂದು ಜೀವವನ್ನು ಬರಿದು ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಇರುವ ಹಳೆಯದನ್ನು ಉಳಿಸಿಕೊಳ್ಳುವುದೇ ಈಗಿನ ಕೆಲಸ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇಂಥ ಒಂದು ಒಡವೆ ಇರಬಹುದು. ಅದು ಯಾರ ಸೆರಗಿನಲ್ಲಿತ್ತು, ಯಾರು ಕೊಟ್ಟರು, ಯಾವ ಊರಿನಿಂದ ಬಂತು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಡಬ್ಬಿಯಲ್ಲೇ ಇಡಿ. ಮಾರಲೇಬೇಕಾಗಿ ಬಂದರೆ, ಕಷ್ಟ ಯಾರಿಗೂ ತಪ್ಪಿದ್ದಲ್ಲ, ಮಾರಿ. ಚಿನ್ನದ ಕಟ್ಟನ್ನೇ ಮಾರಬೇಕಾದರೂ ಚಿಪ್ಪನ್ನು ಮೀಟಬೇಡಿ, ನಿಧಾನವಾಗಿ ಅಂಚು ಬಿಡಿಸಿ ಎಂದು ಅಕ್ಕಸಾಲಿಗರಿಗೆ ಹೇಳಿ, ಪಕ್ಕದಲ್ಲೇ ನಿಂತಿರಿ, ಚಿಪ್ಪನ್ನು ಮನೆಗೆ ತನ್ನಿ.